ಚಾಳೀಸೂ ಶಸ್ತ್ರಚಿಕಿತ್ಸೆಯೂ

ನಲವತ್ತು ದಾಟಿದವರಿಗೆ ಸಮೀಪದ ಅಕ್ಷರಗಳು ಮಸುಕಾಗುವುದು ರೋಗವಲ್ಲ, ವಯೋಧರ್ಮ. ನಮ್ಮ ಜನರು ಇದನ್ನು ಚಾಳೀಸೆಂದು ಕರೆದು ವಯಸ್ಸಿನ ಲೆಕ್ಕವನ್ನೇ ಹೆಸರಾಗಿಸಿದ್ದಾರೆ. ಕಣ್ಣಿನೊಳಗಿನ ಮಸೂರವು ಮೃದುತ್ವವನ್ನು ಕಳೆದುಕೊಂಡು, ಹತ್ತಿರದ ವಸ್ತುವನ್ನು ನೋಡುವಾಗ ಬೇಕಾದಷ್ಟು ಉಬ್ಬಲಾರದೆ ಹೋಗುವುದೇ ಇದಕ್ಕೆ ಕಾರಣ. ಬಹುಕಾಲದಿಂದ ಇದರ ಪರಿಹಾರವು ಕನ್ನಡಕವೇ ಆಗಿದ್ದಿತು. ಈಗಲಾದರೋ, ಹುಟ್ಟಿನಿಂದ ಬಂದ ಮಸೂರವನ್ನೇ ತೆಗೆದು ಕೃತಕ ಮಸೂರವನ್ನಿರಿಸಿ ಕನ್ನಡಕದಿಂದ ಮುಕ್ತಿ ಕೊಡಿಸುವೆವೆಂಬ ಜಾಹೀರಾತುಗಳು ಕಾಣಬರುತ್ತಿವೆ. ಈ ವಿಷಯವಾಗಿ ಮಹಾಜನರಿಗೆ ಎರಡು ಮಾತುಗಳನ್ನು ಅರಿಕೆ ಮಾಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಕೃತಕ ಮಸೂರವು ಲೋಕೋಪಕಾರಿಯಾದುದೆಂಬುದರಲ್ಲಿ ಸಂದೇಹವಿಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಮಾನಚಾಲಕರ ಕಣ್ಣುಗಳನ್ನು ಹೊಕ್ಕ ಪರ್ಸ್‌ಪೆಕ್ಸ್ ಚೂರುಗಳು ಉಪದ್ರವ ಕೊಡದೆ ಉಳಿದುದನ್ನು ಕಂಡ ಹೆರಾಲ್ಡ್ ರಿಡ್ಲಿಯವರು, 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಇಂಥ ಮಸೂರವನ್ನು ಮೊದಲು ಇರಿಸಿದರು. ಮಧುರೆಯ ಅರವಿಂದ ನೇತ್ರಾಲಯದವರು 1992ರಲ್ಲಿ ಅರೋಲ್ಯಾಬನ್ನು ಸ್ಥಾಪಿಸಿ, ಪರದೇಶದ ದುಬಾರಿ ವಸ್ತುವನ್ನು ಸ್ವದೇಶದಲ್ಲಿಯೇ ಅಲ್ಪ ವೆಚ್ಚದಲ್ಲಿ ತಯಾರಿಸಿ ಬಡವರ ಕಣ್ಣಿಗೂ ಎಟುಕಿಸಿದರು. ಪೊರೆ ಬಂದವರಿಗೆ ಶಸ್ತ್ರಚಿಕಿತ್ಸೆ ಹೇಗೂ ಆಗಲೇಬೇಕು. ಅವರು ದೂರಕ್ಕೂ ಹತ್ತಿರಕ್ಕೂ ಒದಗುವ ಬಹುನಾಭಿ ಮಸೂರವನ್ನು ತಿಳಿದು ಆರಿಸಿಕೊಂಡರೆ ನಮ್ಮ ಆಕ್ಷೇಪವೇನೂ ಇಲ್ಲ.

ಆಕ್ಷೇಪವಿರುವುದು, ಪೊರೆಯಿಲ್ಲದ ತಿಳಿಯಾದ ಮಸೂರವನ್ನು ಕನ್ನಡಕ ತಪ್ಪಿಸುವುದಕ್ಕಾಗಿಯೇ ತೆಗೆಯಿಸುವ ಆತುರಕ್ಕೆ. ಬಹುನಾಭಿ ಮಸೂರವು ಬೆಳಕನ್ನು ದೂರಕ್ಕೂ ಸಮೀಪಕ್ಕೂ ಪಾಲು ಮಾಡುತ್ತದೆ. ಇದರಿಂದ ಕೆಲವರಿಗೆ ರಾತ್ರಿಯ ದೀಪಗಳ ಸುತ್ತ ಬೆಳಕಿನ ಬಳೆಗಳು ಕಾಣುತ್ತವೆ. ಮಬ್ಬಿನಲ್ಲಿ ವಸ್ತುಗಳ ಭೇದ ಕುಗ್ಗುತ್ತದೆ. ರಾತ್ರಿಯೆಲ್ಲ ಲಾರಿ ನಡೆಸುವವನಿಗೆ ಇದು ಸಣ್ಣ ಮಾತೇ? ವಿರಳವಾದರೂ ಸೋಂಕಿನ ಭಯವುಂಟು; ಅಕ್ಷಿಪಟಲವು ಕಳಚುವ ಅಪಾಯವುಂಟು. ತೆಗೆದ ಸಹಜ ಮಸೂರವಂತೂ ಮರಳಿ ಬಾರದು.

ಹೊಸತೆಲ್ಲವೂ ಹಿತವಲ್ಲವೆಂಬುದಕ್ಕೆ ಅಮೆರಿಕದ ನಿದರ್ಶನ ಸಾಕು. ಚಾಳೀಸಿನ ಪರಿಹಾರಕ್ಕೆಂದು ಕಾರ್ನಿಯದೊಳಗೆ ಇರಿಸುವ ‘ರೇನ್‌ಡ್ರಾಪ್’ ಎಂಬ ಸಾಧನಕ್ಕೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಸಮ್ಮತಿಯಿತ್ತಿತು. ಅದನ್ನು ಇರಿಸಿಕೊಂಡ ಅನೇಕರ ಕಾರ್ನಿಯವು ಮಸುಕಾದುದು ತಿಳಿದುಬಂದಾಗ, 2018ರಲ್ಲಿ ಅದೇ ಆಡಳಿತವು ಇನ್ನು ಅದನ್ನು ಬಳಸಕೂಡದೆಂದು ವೈದ್ಯರಿಗೆ ಸೂಚಿಸಬೇಕಾಯಿತು.

ಇತ್ತ ಸಾಮಾನ್ಯ ಕನ್ನಡಕದ ಮಹಿಮೆಯನ್ನು ನೋಡಿರಿ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಮಂದಿ ಕೂಲಿಕಾರರನ್ನು ಕುರಿತು ನಡೆದು, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಮೀಪದೃಷ್ಟಿಯ ಕನ್ನಡಕ ಪಡೆದವರ ದುಡಿಮೆಯು ಪಡೆಯದವರಿಗಿಂತ ನೂರಕ್ಕೆ ಸುಮಾರು 22ರಷ್ಟು ಹೆಚ್ಚಿತು. ಆದರೂ 2015ರ ಅಂದಾಜಿನಂತೆ, ಲೋಕದಲ್ಲಿ 82 ಕೋಟಿಗೂ ಮಿಕ್ಕಿ ಜನರು ತಕ್ಕ ಕನ್ನಡಕವಿಲ್ಲದೆ ಚಾಳೀಸಿನಿಂದ ಬಳಲುತ್ತಿದ್ದರು. ಇಳಕಲ್ಲಿನ ನೇಕಾರನಿಗೆ ಎಳೆ ಕಾಣದಿದ್ದರೆ, ದರ್ಜಿಗೆ ಸೂಜಿಯ ಕಣ್ಣು ಕಾಣದಿದ್ದರೆ, ಹೋಗುವುದು ದೃಷ್ಟಿಯೊಂದೇ ಅಲ್ಲ, ಅನ್ನವೂ ಹೌದು.

ಆದುದರಿಂದ ನಮ್ಮ ಬಿನ್ನಹವಿಷ್ಟೇ. ಶಸ್ತ್ರಚಿಕಿತ್ಸೆಗೆ ಮುನ್ನ ಅದರ ಗುಣದೋಷಗಳನ್ನೂ ವೆಚ್ಚವನ್ನೂ ಅಚ್ಚಕನ್ನಡದಲ್ಲಿ ಬರೆದು ರೋಗಿಯ ಕೈಗೆ ಕೊಡುವ ನಿಯಮವಾಗಬೇಕು. ಯೋಚಿಸಲು ಅವನಿಗೆ ಕಾಲಾವಕಾಶ ದೊರೆಯಬೇಕು. ಸರ್ಕಾರದವರು ಪ್ರತಿಯೊಂದು ಗ್ರಾಮದಲ್ಲಿಯೂ ನಲವತ್ತು ದಾಟಿದವರ ಕಣ್ಣು ಪರೀಕ್ಷಿಸಿ ಕನ್ನಡಕ ಒದಗಿಸಬೇಕು. ಉಳ್ಳವರು ಕನ್ನಡಕವನ್ನು ಕಳಚುವ ಉಪಾಯವನ್ನು ಹುಡುಕಿಕೊಳ್ಳಲಿ. ಆದರೆ ಇಲ್ಲದವರಿಗೆ ಅದನ್ನು ತೊಡಿಸುವುದು ನಾಡಿನ ಮೊದಲ ಕೆಲಸವೆಂಬುದನ್ನು ಆಳುವವರು ಮರೆಯದಿರಲಿ.