ರೋಗಿಯ ಹೆಸರು, ಊರಿನ ಕಾಯಿಲೆ

ಕೋಲಾರ ಜಿಲ್ಲೆಯ ಮುಳಬಾಗಿಲು ಅಥವಾ ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಐವತ್ತು ದಾಟಿದ ಹೆಂಗಸೊಬ್ಬಳು ಮಂಡಿನೋವು, ಸೊಂಟನೋವು ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರೆ ಚೀಟಿಯ ಮೇಲೆ ಮೂಡುವುದು ಆಕೆಯ ಹೆಸರು, ವಯಸ್ಸು, ಗುಳಿಗೆಯ ಹೆಸರು. ಆಕೆ ಇಷ್ಟು ವರ್ಷ ಕುಡಿದ ನೀರು ಎಷ್ಟು ಅಡಿ ಆಳದ ಕೊಳವೆಬಾವಿಯದು, ದಿನಕ್ಕೆಷ್ಟು ಬಿಂದಿಗೆ ಹೊತ್ತಳು, ಹಸುವಿಗೆ ಎಷ್ಟು ಹೊರೆ ಹುಲ್ಲು ತಂದಳು ಎಂಬುದನ್ನು ಬರೆಯಲು ಅಲ್ಲಿ ಜಾಗವಿಲ್ಲ. ವೈದ್ಯರು ಕಾರಣವನ್ನು ದೇಹದೊಳಗೆ ಹುಡುಕುತ್ತಾರೆ. ಅವರ ಕೆಲಸವೇ ಅದು. ಆದರೆ ಅದೇ ನೋವು ಅದೇ ಬೀದಿಯ ಹತ್ತು ಮನೆಗಳಲ್ಲಿ ಇದ್ದರೆ ಆಗೇನು? ಆಗ ಕಾರಣವನ್ನು ಒಬ್ಬೊಬ್ಬರ ಮೈಯಲ್ಲಿ ಮಾತ್ರ ಹುಡುಕಿದರೆ ಸಾಲದು. ಬೀದಿಯಲ್ಲಿ, ಬಾವಿಯಲ್ಲಿ, ಕೂಲಿಯಲ್ಲಿ, ಜಾತಿಯಲ್ಲಿ, ಸರ್ಕಾರದ ಲೆಕ್ಕಪತ್ರದಲ್ಲಿಯೂ ಹುಡುಕಬೇಕು. ಹಾಗೆ ಹುಡುಕುವ ಕ್ರಮವನ್ನು ಕಲಿಸುವುದು ಸಮಾಜಶಾಸ್ತ್ರ. ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಗೆಂದು ಓದಿ ಮರೆಯುವ ಈ ವಿಷಯವಿಲ್ಲದೆ ಕೋಲಾರ ಜಿಲ್ಲೆಯ ಆರೋಗ್ಯ ಅರ್ಥವಾಗುವುದಿಲ್ಲ ಎಂಬುದು ನನ್ನ ವಾದ.

ಈ ಯೋಚನೆ ಹುಟ್ಟಿದ್ದು ವೈದ್ಯರಿಂದಲೇ. 1848ರಲ್ಲಿ ಅಪ್ಪರ್ ಸೈಲೀಶಿಯಾದಲ್ಲಿ ಟೈಫಸ್ ಜ್ವರ ಹಬ್ಬಿದಾಗ ಪ್ರಷ್ಯಾ ಸರ್ಕಾರ ರುಡಾಲ್ಫ್ ವಿರ್ಕೋ ಎಂಬ ಯುವ ವೈದ್ಯನನ್ನು ಅಲ್ಲಿಗೆ ಕಳಿಸಿತು. ಆತ ಕೊಟ್ಟ ವರದಿ ಔಷಧಿಗಿಂತ ಹೆಚ್ಚಾಗಿ ಶಿಕ್ಷಣ, ರಸ್ತೆ, ತೆರಿಗೆ ಸುಧಾರಣೆ, ಜನರ ಸ್ವಂತ ಆಡಳಿತ ಇವುಗಳನ್ನು ಕೇಳಿತು. ಬಡತನ ಮತ್ತು ಅಧಿಕಾರವಿಲ್ಲದ ಸ್ಥಿತಿಯೇ ಜ್ವರಕ್ಕೆ ನೆಲ ಹದ ಮಾಡಿದೆ ಎಂದು ಆತ ಕಂಡುಕೊಂಡಿದ್ದ. ಇಂಥ ಪ್ರಶ್ನೆಗಳನ್ನು ಮುಂದೆ ಸಮಾಜಶಾಸ್ತ್ರಜ್ಞರು ಬೆಳೆಸಿದರು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಎದ್ದು ಕಾಣುವ ಸಾಕ್ಷಿ ನೀರು. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಪಾಲಾರ್, ಪಿನಾಕಿನಿ, ಪಾಪಾಗ್ನಿ ಎಲ್ಲವೂ ಮಳೆ ನಂಬಿದ ಹೊಳೆಗಳು. ಹಿಂದಿನವರು ಅದಕ್ಕಾಗಿಯೇ ಸಾಲು ಸಾಲು ಕೆರೆ ಕಟ್ಟಿದರು. ಕೆರೆಗಳಲ್ಲಿ ಹೂಳು ತುಂಬಿತು, ರಾಜಕಾಲುವೆಗಳು ಒತ್ತುವರಿಯಾದವು, ತೆರೆದ ಬಾವಿಗಳು ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಆಳದ ಗ್ರಾನೈಟ್ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಬಂಡೆಯ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದು ಮೀರಿದ ಕಡೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವ ವಯಸ್ಸಿನಲ್ಲಿ ಆ ನೀರು ಕುಡಿದ ಮಗುವಿನ ಹಲ್ಲಿನ ಮೇಲೆ ಕಂದು ಕಲೆ ನಿಲ್ಲಬಹುದು. ಎಷ್ಟು ಉಜ್ಜಿದರೂ ಹೋಗದು. ಫ್ಲೋರೈಡ್ ಬಹಳ ಹೆಚ್ಚಿರುವ ನೀರನ್ನು ಹಲವು ವರ್ಷ ಕುಡಿದರೆ ಮೂಳೆ, ಕೀಲು, ಬೆನ್ನು ಬಿಗಿಯಬಹುದು.

ರಸಾಯನಶಾಸ್ತ್ರದ ಕತೆ ಇಲ್ಲಿಗೆ ಮುಗಿಯಿತು. ಆದರೆ ಬಂಡೆಯೊಳಗಿನ ಫ್ಲೋರೈಡ್ ಜನರ ಬಾಯಿಗೆ ಬಂದದ್ದು ಹೇಗೆ? ಕೆರೆ ಯಾರದ್ದೂ ಅಲ್ಲವೆಂಬಂತೆ ಕೈಬಿಟ್ಟವರು ಯಾರು, ಕೊಳವೆಬಾವಿ ಕೊರೆಸುವ ಶಕ್ತಿ ಯಾರಿಗಿತ್ತು, ಟೊಮೆಟೊ ಬೆಳೆಗೂ ಕುಡಿಯುವುದಕ್ಕೂ ಒಂದೇ ಅಂತರ್ಜಲ ಎಂದಾಗ ಮೊದಲ ಪಾಲು ಯಾರಿಗೆ ಹೋಯಿತು? ಇಂದು ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬೈಕಿನಲ್ಲಿಟ್ಟು ತರುವ ಮನೆಗೆ ಅದು ಸುಲಭ. ಗಂಡಸು ಊರಲ್ಲಿಲ್ಲದ ಮನೆಯ ಮುದುಕಿಗೆ ಇಪ್ಪತ್ತು ಲೀಟರ್ ಕ್ಯಾನ್ ಎತ್ತುವುದೇ ಆಗುವುದಿಲ್ಲ. ಘಟಕ ಕೆಟ್ಟು ನಿಂತರಂತೂ ಮತ್ತೆ ನಲ್ಲಿ ನೀರೇ ಗತಿ. ಆಹಾರದಲ್ಲಿ ಸುಣ್ಣದ ಅಂಶ ಕಡಿಮೆಯಿದ್ದವರಿಗೆ ಫ್ಲೋರೈಡ್ ಹೆಚ್ಚು ಕೇಡು ಮಾಡುತ್ತದೆ. ಆ ಅಂಶ ಕೊಡುವ ಹಾಲಿಗೆ, ಜೊತೆಗೆ ರೇಷ್ಮೆಗೆ, ಹೆಸರಾದ ಜಿಲ್ಲೆ ನಮ್ಮದು. ಆದರೆ ಬೆಳಗ್ಗೆ ಕರೆದ ಹಾಲು ಡೇರಿಗೆ ಹೋಗುತ್ತದೆ, ಏಕೆಂದರೆ ಸಾಲದ ಕಂತು ತೀರುವುದು ಆ ಬಟವಾಡೆಯಿಂದಲೇ. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದ ಮೇಲೆ ಶಾಲೆ, ಅಂಗನವಾಡಿಗಳಲ್ಲಿ ಹಾಲಿನ ಪುಡಿ ಕಲಸಿ ಕೊಡುವ ಲೋಟವೇ ಎಷ್ಟೋ ಹಸು ಸಾಕುವ ಮನೆಗಳ ಮಕ್ಕಳಿಗೂ ದೊಡ್ಡ ಆಸರೆ. ಹಾಗಾಗಿ ಕಲೆಗಟ್ಟಿದ ಹಲ್ಲನ್ನು ಕಂಡಾಗ ತಾಯಿಯ ಅಜ್ಞಾನವನ್ನು ದೂರುವುದು ಅನ್ಯಾಯ. ಆ ಹಲ್ಲಿನಲ್ಲಿ ನೀರಿನ ಹಂಚಿಕೆ, ಹಾಲಿನ ಮಾರುಕಟ್ಟೆ, ಸಾಲದ ಲೆಕ್ಕ ಎಲ್ಲವೂ ಸೇರಿವೆ.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧಿಯಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಲಕ್ಷ್ಮೀಸಾಗರ ಕೆರೆಯಿಂದ ಶುರುವಾದ ಈ ಹರಿವು ಬತ್ತಿದ ಎಷ್ಟೋ ಕೊಳವೆಬಾವಿಗಳಿಗೆ ಜೀವ ಕೊಟ್ಟಿದೆ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂದು ಜಿಲ್ಲೆಯ ನೀರಾವರಿ ಹೋರಾಟಗಾರರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಬಾವಿಗಳಿಗೆ ಬಂದ ಜೀವವೂ ಸತ್ಯ, ಹೋರಾಟಗಾರರ ಆತಂಕವೂ ಸತ್ಯ. ನಗರಕ್ಕೆ ಕಾವೇರಿ, ನಮಗೆ ನಗರ ಬಳಸಿಬಿಟ್ಟ ನೀರು ಎಂಬ ಹಂಚಿಕೆಯ ಬಗ್ಗೆ ಮಾತಾಡದೆ ಮುಂದಿನ ತಲೆಮಾರಿನ ಆರೋಗ್ಯದ ಬಗ್ಗೆ ಮಾತಾಡಲಾಗದು.

ಎರಡನೆಯ ವಿಚಾರ ರೋಗಿಯ ಪಾತ್ರದ್ದು. 1951ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಾಟ್ ಪಾರ್ಸನ್ಸ್, ಕಾಯಿಲೆ ಬೀಳುವುದೂ ಒಂದು ಸಾಮಾಜಿಕ ಪಾತ್ರ ಎಂದ. ಕಾಯಿಲೆಯವರಿಗೆ ಕೆಲಸದಿಂದ ವಿನಾಯಿತಿ ಇದೆ, ಅವರನ್ನು ದೂಷಿಸುವಂತಿಲ್ಲ. ಬದಲಿಗೆ ಅವರು ಗುಣವಾಗಲು ಬಯಸಬೇಕು, ತಿಳಿದವರ ಬಳಿ ಹೋಗಬೇಕು. ಈ ಮಾತನ್ನು ರೇಷ್ಮೆ ಸಾಕುವ ಮನೆಯೊಂದರಲ್ಲಿ ಇಟ್ಟು ನೋಡಿ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಒಂದು ವಾರ ಸೊಪ್ಪು ಹಾಕಿದಷ್ಟೂ ಸಾಲದು. ಸೊಪ್ಪು ಕೊಯ್ಯಬೇಕು, ಹೊತ್ತು ತರಬೇಕು, ಹಗಲೂ ರಾತ್ರಿ ಹಾಕಬೇಕು, ಹಿಕ್ಕೆ ತೆಗೆಯಬೇಕು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಆ ವಾರ ಮನೆಯ ಹೆಂಗಸಿಗೆ ಚಳಿಜ್ವರ ಬಂದರೆ ವಿನಾಯಿತಿ ಕೊಡುವವರು ಯಾರು? ಬೆಳೆ ಕೈತಪ್ಪಿದರೆ ಸಾಲ ಉಳಿಯುತ್ತದೆ. ಆಕೆ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗಿ ಸೊಪ್ಪಿಗೆ ಹೋಗುತ್ತಾಳೆ. ಆಸ್ಪತ್ರೆಗೆ ಬರುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ‘ಇಷ್ಟು ದಿನ ಏನು ಮಾಡ್ತಿದ್ದೆಯಮ್ಮಾ?’ ಎಂಬ ಗದರಿಕೆ ಆಗ ಎದುರಾಗುತ್ತದೆ. ಪಾರ್ಸನ್ಸ್ ಹೇಳಿದ ಹಕ್ಕು ಸಂಬಳದ ರಜೆ ಇರುವವರಿಗೆ ಸಿಕ್ಕಷ್ಟು ಸುಲಭವಾಗಿ ಕೂಲಿಯವರಿಗೆ ಸಿಗುವುದಿಲ್ಲ. ಕರ್ತವ್ಯಗಳು ಮಾತ್ರ ಪೂರ್ತಿ ಅವರ ಮೇಲಿವೆ. ಒಂದು ಸಿದ್ಧಾಂತ ಎಲ್ಲಿ ಸೋಲುತ್ತದೆಂದು ನೋಡುವುದರಿಂದಲೂ ಸಮಾಜದ ಬಿರುಕು ಕಾಣುತ್ತದೆ.

ಯಾವುದನ್ನು ಕಾಯಿಲೆ ಎಂದು ಒಪ್ಪಬೇಕು ಎನ್ನುವುದರಲ್ಲೂ ಸಮಾಜದ ತೀರ್ಮಾನವಿದೆ. ಕೋಲಾರದ ಚಿನ್ನದ ಗಣಿಯಾದ ಕೆಜಿಎಫ್‌ನಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರಲ್ಲಿ ಗಣಿ ಮುಚ್ಚುವವರೆಗೆ ಸಾವಿರಾರು ಕಾರ್ಮಿಕರು, ಅವರಲ್ಲಿ ಬಹುಪಾಲು ದಲಿತರು, ಬಂಡೆ ಕೊರೆಯುವ ದೂಳನ್ನು ಉಸಿರಾಡಿದರು. ಅವರ ಶ್ವಾಸಕೋಶ ಕಲ್ಲಾಗುತ್ತಿತ್ತು. 1940ರಲ್ಲಿ ಮೈಸೂರು ಸರ್ಕಾರ ಕಲ್ಲುದೂಳಿನ ಈ ಕಾಯಿಲೆಗೆ ಸಿಲಿಕೋಸಿಸ್ ನಿಯಮಗಳನ್ನು ತಂದ ಮೇಲೆ ಆ ಕೆಮ್ಮು ಕಂಪನಿ ಉತ್ತರ ಹೇಳಬೇಕಾದ ವಿಷಯವಾಯಿತು. ಅದಕ್ಕೂ ಮುಂಚೆ ಅದು ಕಾರ್ಮಿಕನ ಹಣೆಬರಹವಾಗಿತ್ತು. ಶ್ವಾಸಕೋಶ ಬದಲಾಗಿರಲಿಲ್ಲ, ಕಾನೂನು ಬದಲಾಗಿತ್ತು. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದೂಳು ಕುಡಿಯುತ್ತ ದುಡಿಯುವವರ ಕೆಮ್ಮಿನ ಬಗ್ಗೆಯೂ ಇದೇ ಪ್ರಶ್ನೆ ಕೇಳಬೇಕು. ಬೇರೆ ಊರಿನಿಂದ ಬಂದವರ ಹೆಸರು ಇಲ್ಲಿನ ಪಡಿತರದಲ್ಲೂ ಇಲ್ಲ, ಅಂಗನವಾಡಿಯ ಪುಸ್ತಕದಲ್ಲೂ ಇಲ್ಲ ಎಂದಾದರೆ ಅವರ ಕಾಯಿಲೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ವೇಲ್ಸ್‌ನ ಗಣಿ ಹಳ್ಳಿಯಲ್ಲಿ ವೈದ್ಯನಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಒಂದು ನಿಯಮ ಹೇಳಿದ: ಯಾರಿಗೆ ಚಿಕಿತ್ಸೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ; ವೈದ್ಯಸೇವೆ ಮಾರುಕಟ್ಟೆಗೆ ಬಿದ್ದಷ್ಟೂ ಇದು ಹೆಚ್ಚುತ್ತದೆ. ಕೋಲಾರ ಪಟ್ಟಣದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ವೈದ್ಯಕೀಯ ಕಾಲೇಜಿದೆ. ಆಂಧ್ರದ ಗಡಿಯಂಚಿನ ಹಳ್ಳಿಯ ಕೂಲಿ ಹೆಂಗಸಿಗೆ ಅಲ್ಲಿಗೆ ಹೋಗುವುದೆಂದರೆ ಒಂದು ದಿನದ ಕೂಲಿ, ಎರಡು ಬಸ್ಸು, ಜೊತೆಗೊಬ್ಬರು. ಮನೆಯಲ್ಲಿ ತೆಲುಗು ಆಡುವ ಆಕೆ ತನ್ನ ನೋವನ್ನು ಆಸ್ಪತ್ರೆಯ ಮಾತಿಗೆ ಹೊಂದಿಸಿ ಹೇಳಬೇಕು. ಚಿಕಿತ್ಸೆ ಉಚಿತವೆಂದು ಬೋರ್ಡು ಹೇಳಿದರೂ ಆಕೆಗೆ ಅದು ಉಚಿತವಾಗುವುದಿಲ್ಲ.

ಇನ್ನು ಆರೈಕೆ. ಹುಡುಗ ಹುಡುಗಿಯರು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ, ಕಂಪನಿ ಬಸ್ಸಿನಲ್ಲಿ ನರಸಾಪುರದ ಕಾರ್ಖಾನೆಗಳಿಗೆ ಹೋಗುತ್ತಾರೆ. ವಯಸ್ಸಾದವರು ಊರಲ್ಲಿ ಉಳಿಯುತ್ತಾರೆ. ಅವರನ್ನು ನೋಡಿಕೊಳ್ಳುವುದು ‘ಮನೆಯವರ ಕೆಲಸ’ ಎಂದು ಎಲ್ಲರೂ ಹೇಳುತ್ತಾರೆ. ಮನೆಯವರು ಎಂದರೆ ಸೊಸೆ ಅಥವಾ ಮಗಳು ಎಂದೇ ಲೆಕ್ಕ. ಅದು ಕೆಲಸವೆಂದು ಎಲ್ಲೂ ದಾಖಲಾಗುವುದಿಲ್ಲ. ಇದೇ ಧೋರಣೆ ಸರ್ಕಾರದ ವ್ಯವಸ್ಥೆಯೊಳಕ್ಕೂ ನುಸುಳಿದೆ. 2005ರಲ್ಲಿ ಬಂದ ಯೋಜನೆಯಂತೆ ಸಾವಿರ ಜನರಿಗೊಬ್ಬರು ಆಶಾ ಕಾರ್ಯಕರ್ತೆ. ಬಾಣಂತಿ, ಲಸಿಕೆ, ಕ್ಷಯ, ಸಮೀಕ್ಷೆ ಎಲ್ಲವೂ ಅವರ ತಲೆಯ ಮೇಲೆ. ಆದರೂ ಅವರನ್ನು ಕರೆಯುವುದು ಸ್ವಯಂಸೇವಕಿ ಎಂದು, ಕೊಡುವುದು ಪ್ರೋತ್ಸಾಹಧನ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ಧರಣಿ ಮಾಡಬೇಕಾಯಿತು. ಹೆಂಗಸಿನ ಆರೈಕೆ ಪುಕ್ಕಟೆ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ನಾವು ಆರೋಗ್ಯ ಇಲಾಖೆಯನ್ನೇ ಕಟ್ಟಿದ್ದೇವೆ.

ನನ್ನ ಈ ವಾದಕ್ಕೆ ಎರಡು ಆಕ್ಷೇಪಗಳಿವೆ. ಎಲ್ಲವನ್ನೂ ಸಮಾಜದ ತಲೆಗೆ ಕಟ್ಟಿದರೆ ಬೀಡಿ ಸೇದುವವನ, ಕುಡಿಯುವವನ ಹೊಣೆ ಎಲ್ಲಿ ಎಂಬುದು ಒಂದು. ಹೊಣೆ ಇದೆ. ಆದರೆ ಹೊಣೆ ಆಯ್ಕೆಯಿದ್ದಷ್ಟೇ ಇರುತ್ತದೆ. ಶುದ್ಧ ನೀರು ಮನೆಗೆ ಬರುವ ಊರಿನಲ್ಲಿ ಕೆಟ್ಟ ನೀರು ಕುಡಿದವರನ್ನು ಬೇಕಾದರೆ ಕೇಳೋಣ. ಮುನ್ನೂರು ರೋಗಿಗಳ ಸಾಲು ನಿಂತಿರುವಾಗ ವೈದ್ಯರಿಗೆ ಇದನ್ನೆಲ್ಲ ವಿಚಾರಿಸಲು ಪುರಸೊತ್ತು ಎಲ್ಲಿ ಎಂಬುದು ಇನ್ನೊಂದು. ಈ ಮಾತಿನಲ್ಲಿ ಹುರುಳಿದೆ. ಆದ್ದರಿಂದಲೇ ಈ ವಿಚಾರಣೆ ಒಬ್ಬ ವೈದ್ಯರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗದೆ ವ್ಯವಸ್ಥೆಯ ನಿಯಮವಾಗಬೇಕು.

ಮಾಡಬಹುದಾದದ್ದು ದೊಡ್ಡದೇನಲ್ಲ. ಹೊರರೋಗಿ ಚೀಟಿಯಲ್ಲಿ ಊರು, ಉದ್ಯೋಗ, ಕುಡಿಯುವ ನೀರಿನ ಮೂಲ, ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂಬ ನಾಲ್ಕು ಸಾಲು ಸೇರಿಸಲಿ. ತಿಂಗಳಿಗೊಮ್ಮೆ ಅದನ್ನು ಕೂಡಿಸಿ ಪಂಚಾಯಿತಿಯ ಮುಂದೆ ಇಡಲಿ. ಯಾವ ಊರಿನ ಕೀಲುನೋವು ಯಾವ ಕೊಳವೆಬಾವಿಯ ಸುತ್ತ ಇದೆ, ಯಾವ ಇಟ್ಟಿಗೆ ಗೂಡಿನ ಕೆಮ್ಮು ಹೆಚ್ಚುತ್ತಿದೆ ಎಂದು ಗ್ರಾಮಸಭೆಗೆ ಗೊತ್ತಾದರೆ ಘಟಕದ ರಿಪೇರಿ, ಕೆರೆಯ ಹೂಳು, ಆಶಾ ಕಾರ್ಯಕರ್ತೆಯ ಸಂಬಳ ಇವೆಲ್ಲ ಆರೋಗ್ಯದ ಬಜೆಟ್ಟಿನ ಮಾತಾಗುತ್ತವೆ. ಗುಳಿಗೆ ಕೊಡುವುದು ವೈದ್ಯರ ಕೆಲಸ, ಅದನ್ನು ಅವರು ಮಾಡಲಿ. ಅದೇ ನೋವು ಮುಂದಿನ ತಲೆಮಾರಿಗೆ ಬಾರದಂತೆ ನೋಡಿಕೊಳ್ಳುವುದು ಊರಿನ ಕೆಲಸ, ಸರ್ಕಾರದ ಕೆಲಸ. ಅದಕ್ಕೆ ಕಾರಣವನ್ನು ಸರಿಯಾದ ಜಾಗದಲ್ಲಿ ಹುಡುಕುವುದನ್ನು ನಾವೆಲ್ಲರೂ ಕಲಿಯಲೇಬೇಕು.