ಮಗು ಜಿಲ್ಲಾಸ್ಪತ್ರೆಗೆ ಬರಬೇಕೋ, ಜಿಲ್ಲಾಸ್ಪತ್ರೆ ತಾಲ್ಲೂಕಿಗೆ ಹೋಗಬೇಕೋ?

ಬೆಳಗಿನ ಮೊದಲ ಬಸ್ಸಿಗೆ ಜಿಲ್ಲಾ ಕೇಂದ್ರದಲ್ಲಿ ಇಳಿಯುವವರಲ್ಲಿ ಕಚೇರಿಯವರು, ಕಾಲೇಜು ಹುಡುಗರು, ಹೂವಿನ ಬುಟ್ಟಿಯವರು ಮಾತ್ರ ಇರುವುದಿಲ್ಲ. ಒಂದೂವರೆ ವರ್ಷದ ಮಗುವನ್ನು ಇನ್ನೂ ಎಳೆಗೂಸಿನಂತೆ ಹೆಗಲಿಗೆ ಒರಗಿಸಿಕೊಂಡ ತಾಯಂದಿರೂ ಇರುತ್ತಾರೆ. ಸ್ಟ್ಯಾಂಡಿನ ಅಂಗಡಿಯಲ್ಲಿ ಬಿಸ್ಕತ್ತು ಕೊಳ್ಳುತ್ತಾ, ಚೀಟಿ ಮುಂದೆ ಹಿಡಿದು, "ಈ ಡಿಇಐಸಿ ಅನ್ನೋದು ಎಲ್ಲಿ ಬರುತ್ತೆ ಅಣ್ಣಾ?" ಎಂದು ಕೇಳುತ್ತಾರೆ. ಅಂಗಡಿಯವನಿಗೆ ಗೊತ್ತಿರುವುದಿಲ್ಲ. "ದೊಡ್ಡಾಸ್ಪತ್ರೆ ಒಳಗೆ ವಿಚಾರಿಸಿ ಅಕ್ಕಾ" ಅನ್ನುತ್ತಾನೆ. ಆಸ್ಪತ್ರೆಯ ಗೇಟಿನಲ್ಲಿ ನಿಂತವನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಇಂಗ್ಲಿಷ್ ಅಕ್ಷರಗಳ ಆ ಗಂಟನ್ನು ಬಿಡಿಸಿದರೆ ವಿಷಯ ಸರಳ. ಕತ್ತು ನಿಲ್ಲದ, ಕೂರಲಾಗದ, ಕರೆದರೆ ತಿರುಗದ, ಮಾತು ಬಾರದ ಮಕ್ಕಳನ್ನು ಪರೀಕ್ಷಿಸಿ, ಅಲ್ಲೇ ಅಭ್ಯಾಸ ಮಾಡಿಸುವ ಜಾಗ ಅದು. 2013ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭಿಸಿದಾಗ ಜಿಲ್ಲೆಗೊಂದು ಇಂಥ ಕೇಂದ್ರ ಇರಬೇಕೆಂದು ಗೊತ್ತುಮಾಡಿತು. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸು, ಒಬ್ಬ ಫಾರ್ಮಸಿಸ್ಟ್ ಇರುವ ತಂಡ ವಾಹನದಲ್ಲಿ ಊರೂರಿಗೆ ಹೋಗಬೇಕು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ. ಅನುಮಾನ ಬಂದ ಮಗುವಿಗೆ ಚೀಟಿ ಬರೆದು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಯೋಜನೆ ಒಳ್ಳೆಯದೇ, ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹುಡುಕುವ ಕೆಲಸ ಹಳ್ಳಿಗೆ ಬಂತು, ಸರಿಪಡಿಸುವ ಕೆಲಸ ಮಾತ್ರ ಜಿಲ್ಲಾ ಕೇಂದ್ರದಲ್ಲೇ ಕೂತಿತು.

ಈ ಮಕ್ಕಳು ಎಲ್ಲೋ ಒಬ್ಬಿಬ್ಬರು ಎಂದು ತಿಳಿದರೆ ತಪ್ಪು. ದೇಶದ ಐದು ಕಡೆ 2ರಿಂದ 9 ವರ್ಷದ ಸುಮಾರು 4,000 ಮಕ್ಕಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುಕಮ್ಮಿ ಎಂಟು ಮಕ್ಕಳಿಗೆ ಒಬ್ಬರಲ್ಲಿ ನರಮಂಡಲದ ಬೆಳವಣಿಗೆಗೆ ಸಂಬಂಧಿಸಿದ ಏನಾದರೂ ಒಂದು ತೊಂದರೆ ಕಂಡುಬಂತು. ಕಿವುಡುತನದಿಂದ ಹಿಡಿದು ಮೂರ್ಛೆ, ಆಟಿಸಂ, ಓದು-ಬರಹದ ತೊಡಕಿನವರೆಗೆ ಎಲ್ಲವೂ ಆ ಲೆಕ್ಕದಲ್ಲಿ ಸೇರಿವೆ.

ಯಾವ ಮಗುವಿನ ಮೇಲೆ ಕಣ್ಣಿಡಬೇಕು ಎಂಬುದೂ ಗುಟ್ಟೇನಲ್ಲ. 37 ವಾರ ತುಂಬದೆ ಹುಟ್ಟಿದ್ದು, ಎರಡೂವರೆ ಕಿಲೋಗಿಂತ ಕಡಿಮೆ ತೂಗಿದ್ದು, ಹುಟ್ಟಿದ ಕೂಡಲೇ ಅಳದಿದ್ದದ್ದು, ಕಾಮಾಲೆ ವಿಪರೀತ ಏರಿದ್ದು, ಫಿಟ್ಸ್ ಬಂದದ್ದು. ಜನರ ಬಾಯಲ್ಲಿ ಹೇಳುವುದಾದರೆ, ಗಾಜಿನ ಪೆಟ್ಟಿಗೆಯಲ್ಲಿ ಇದ್ದು ಬಂದ ಮಗು. ಇವರಲ್ಲಿ ಎಷ್ಟೋ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತವೆ, ಹೆದರಬೇಕಾದ್ದಿಲ್ಲ. ಆದರೆ ತೂಕ ಬಂತು, ಡಿಸ್ಚಾರ್ಜ್ ಆಯಿತು ಎಂದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ.

ನೋಡುವುದು ಹೇಗೆ? ತಿರುವನಂತಪುರದ ಮಕ್ಕಳ ವಿಕಾಸ ಕೇಂದ್ರದವರು ಇದಕ್ಕೊಂದು ಚಾರ್ಟ್ ಮಾಡಿದ್ದಾರೆ. ಎರಡು ವರ್ಷದವರೆಗಿನ ಮಕ್ಕಳಿಗೆ ಒಟ್ಟು 17 ಅಂಶ. ಬರೋಡಾದಲ್ಲಿ ಪ್ರಮೀಳಾ ಫಾಟಕ್ ಮತ್ತು ಸಂಗಡಿಗರು ಈ ದೇಶದ ಮಕ್ಕಳನ್ನೇ ನೋಡಿ ಹಾಕಿದ ಅಳತೆಯಿಂದ ಆರಿಸಿಕೊಂಡದ್ದು. ಮಗುವಿನ ವಯಸ್ಸಿನ ಮೇಲೆ ಪೆನ್ಸಿಲನ್ನು ನೇರವಾಗಿ ಇಟ್ಟರೆ, ಅದರ ಎಡಕ್ಕಿರುವುದನ್ನೆಲ್ಲ ಮಗು ಮಾಡಬೇಕು. ಮಾಡದಿದ್ದರೆ ಡಾಕ್ಟರಿಗೆ ತೋರಿಸಬೇಕು. ಅಂಗನವಾಡಿ ಕಾರ್ಯಕರ್ತೆ ಐದಾರು ನಿಮಿಷದಲ್ಲಿ ನೋಡಿ ಮುಗಿಸುವಂಥದ್ದು. ಎರಡು ತಿಂಗಳಿಗೆ ಮುಖ ನೋಡಿ ನಗಬೇಕು, ನಾಲ್ಕಕ್ಕೆ ಕತ್ತು ನಿಲ್ಲಬೇಕು, ಎಂಟಕ್ಕೆ ಕೂರಬೇಕು, ವರ್ಷಕ್ಕೆ ಹಿಡಿದುಕೊಂಡಾದರೂ ನಿಲ್ಲಬೇಕು. ಒಂದೆರಡು ವಾರ ಹಿಂದುಮುಂದು ಆದೀತು. ದಿನ ತುಂಬದೆ ಹುಟ್ಟಿದ ಮಗುವಿಗೆ ಈ ಲೆಕ್ಕವನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ ಹಾಕಬೇಕು.

ಮನೆಯಲ್ಲಿ ನಡೆಯುವುದೇ ಬೇರೆ. "ಅವರಪ್ಪನಿಗೂ ಮಾತು ಬಂದಿದ್ದು ಮೂರು ವರ್ಷಕ್ಕೇ, ಬರುತ್ತೆ ಬಿಡು" ಅನ್ನುತ್ತದೆ ಅಜ್ಜಿ. ಕಿರಾಣಿ ಅಂಗಡಿ ಯಜಮಾನರೂ ಸಾಮಾನು ಕಟ್ಟುತ್ತಾ ಅದೇ ಮಾತು ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು, ಆದರೆ ಮಗುವಿಗೆ ನಷ್ಟ. ಹುಟ್ಟು ಕಿವುಡನ್ನು ಒಂದು ತಿಂಗಳೊಳಗೆ ಪರೀಕ್ಷೆ ಮಾಡಿ, ಮೂರು ತಿಂಗಳಿಗೆ ಖಚಿತಪಡಿಸಿ, ಆರು ತಿಂಗಳೊಳಗೆ ಚಿಕಿತ್ಸೆ ಶುರುಮಾಡಬೇಕೆಂಬುದು ವೈದ್ಯರ ಲೆಕ್ಕ. ಮೂರು ವರ್ಷ ಕಾದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಬಾಗಿಲಿಗೆ ಹೋದರೆ ಅಲ್ಲಿಯವರು ಕಳೆದ ವರ್ಷಗಳನ್ನು ಎಲ್ಲಿಂದ ತಂದುಕೊಟ್ಟಾರು? ಥೈರಾಯ್ಡ್ ಕೊರತೆಯಿಂದ ಹುಟ್ಟಿದ ಕೂಸಿಗಂತೂ ಲೆಕ್ಕ ವಾರಗಳದ್ದು. ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಪತ್ತೆ ಮಾಡಿ ಬೇಗ ಮಾತ್ರೆ ಕೊಟ್ಟರೆ ಬುದ್ಧಿ ಉಳಿಯುತ್ತದೆ. ಆ ಮಾತ್ರೆಯೇನೂ ದುಬಾರಿಯಲ್ಲ.

ಚಿಕಿತ್ಸೆಯನ್ನೇ ಮಗುವಿದ್ದಲ್ಲಿಗೆ ಒಯ್ಯಲು ಆಗುವುದಿಲ್ಲ ಎಂದು ಇಲಾಖೆ ಹೇಳುವಂತಿಲ್ಲ. ಇದೇ ಕರ್ನಾಟಕದಲ್ಲಿ ಮಾಡಿ ತೋರಿಸಿದ್ದಾರೆ. ದಿನ ತುಂಬದ ಮಕ್ಕಳ ಕಣ್ಣಿನ ಅಕ್ಷಿಪಟಲ ಕೆಟ್ಟು ಕುರುಡಾಗುವ ರೋಗವೊಂದಿದೆ. 30 ದಿನದೊಳಗೆ ಕಣ್ಣು ನೋಡಬೇಕು, ಬೇಕಾದರೆ ಲೇಸರ್ ಹಾಕಬೇಕು. ನೋಡಬಲ್ಲ ತಜ್ಞರು ಬೆಂಗಳೂರಿನಲ್ಲಿ, ಮಗು ದೂರದ ಜಿಲ್ಲೆಯಲ್ಲಿ. 2008ರಲ್ಲಿ ನಾರಾಯಣ ನೇತ್ರಾಲಯದವರು ಕಿಡ್‌ರಾಪ್ ಎಂಬ ಕಾರ್ಯಕ್ರಮ ಹಾಕಿಕೊಂಡು ಕ್ಯಾಮೆರಾವನ್ನೇ ಗಾಡಿಯಲ್ಲಿ ಹೇರಿದರು. ತರಬೇತಾದ ಸಿಬ್ಬಂದಿ ಗೊತ್ತಾದ ದಿನ ಜಿಲ್ಲೆಯ ಆಸ್ಪತ್ರೆಗೆ ಹೋಗಿ ಮಗುವಿನ ಕಣ್ಣಿನ ಚಿತ್ರ ತೆಗೆಯುವುದು, ಬೆಂಗಳೂರಿನ ಡಾಕ್ಟರು ಇಂಟರ್‌ನೆಟ್‌ನಲ್ಲಿ ನೋಡಿ ತೀರ್ಮಾನ ಹೇಳುವುದು. ಬಾಣಂತಿ ಕೂಸನ್ನೆತ್ತಿಕೊಂಡು ಬೆಂಗಳೂರಿಗೆ ಹೋಗುವ ಪಾಡು ತಪ್ಪಿತು.

ಕಣ್ಣಿನ ಪರೀಕ್ಷೆಯಾದರೂ ಕೆಲವು ಸಲ ನೋಡಿದರೆ ಮುಗಿಯುತ್ತದೆ. ಕೈಕಾಲು ಬಿಗಿದ ಮಗುವಿಗೆ, ಮಾತು ಕಲಿಸಬೇಕಾದ ಮಗುವಿಗೆ ಹಾಗಲ್ಲ. ವಾರವಾರ, ತಿಂಗಳುಗಟ್ಟಲೆ ಬರಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ದುಡ್ಡಿಲ್ಲ, ಆರು ವರ್ಷದೊಳಗಿನ ಮಗುವಿಗೆ ಮೊದಲೇ ಇರಲಿಲ್ಲ. ಆದರೆ ಖಾಸಗಿ ಬಸ್ಸೇ ಗತಿಯಾದ ಊರುಗಳಲ್ಲಿ ಆ ಶಕ್ತಿ ನಡೆಯುವುದಿಲ್ಲ. ಬಸ್ಸು ಪುಕ್ಕಟೆಯಾದರೂ ಹೋದ ದಿನದ ಕೂಲಿ ಯಾರು ಕೊಡುತ್ತಾರೆ? ಮನೆಯಲ್ಲಿರುವ ಇನ್ನೊಂದು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಮಧ್ಯಾಹ್ನದವರೆಗೆ ಕಾದು, "ಥೆರಪಿಯವರು ಇವತ್ತು ರಜಾ" ಎಂಬ ಮಾತು ಕೇಳಿ ವಾಪಸಾದ ತಾಯಿ ಮುಂದಿನ ವಾರ ಬರುವುದು ಅನುಮಾನ. ಅಂಗವಿಕಲರ ಪಾಸಿದೆಯಲ್ಲ ಎನ್ನಬಹುದು. ಅದಕ್ಕೆ ಶೇಕಡಾ 40ರ ಸರ್ಟಿಫಿಕೇಟು ಬೇಕು. ಎಂಟು ತಿಂಗಳ ಕೂಸಿಗೆ ಎಷ್ಟು ಪರ್ಸೆಂಟು ಅಂತ ಯಾರು ಬರೆದಾರು? ಶೇಕಡಾ 40 ಆಗದ ಹಾಗೆ ನೋಡಿಕೊಳ್ಳುವುದಕ್ಕೇ ಅಲ್ಲವೇ ಅವಳು ಓಡಾಡುತ್ತಿರುವುದು?

ಆದ್ದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳು ಮಾಡಬೇಕಾದ್ದು ಇಷ್ಟು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ, ಸಾಧ್ಯವಾದರೆ ಸಂತೆಯ ದಿನವೇ, ಫಿಸಿಯೋಥೆರಪಿಸ್ಟ್ ಮತ್ತು ಮಾತಿನ ಥೆರಪಿಸ್ಟ್ ಬಂದು ಕೂರಲಿ. ಖಾಲಿ ಹುದ್ದೆಗಳಿದ್ದರೆ ಮೊದಲು ಅವು ತುಂಬಲಿ. ಮನೆಯಲ್ಲಿ ಮಾಡಿಸುವ ಅಭ್ಯಾಸವನ್ನು ತಾಯಿಗೆ ಅಲ್ಲೇ ಕಲಿಸಿಕೊಡಲಿ. ಇದು ಬಾಯಿಮಾತಿನ ಸಲಹೆಯಲ್ಲ: ತಾಯಂದಿರಿಗೆ ಕಲಿಸಿ ಮನೆಯಲ್ಲೇ ಮಾಡಿಸಿದಾಗ ಮಕ್ಕಳು ಒಂದು, ಎರಡು ವರ್ಷದ ಹೊತ್ತಿಗೆ ಮುಂದೆ ಬಂದದ್ದನ್ನು ತಿರುವನಂತಪುರದವರೇ 2009ರಲ್ಲಿ ಪ್ರಕಟಿಸಿದ್ದಾರೆ. ಥೆರಪಿಸ್ಟ್ ರಜೆ ಹಾಕಿದರೆ ಹಿಂದಿನ ದಿನವೇ ಆಶಾ ಕಾರ್ಯಕರ್ತೆ ಮೂಲಕ ಫೋನ್ ಹೋಗಲಿ. ಬಸ್ ಸ್ಟ್ಯಾಂಡಿನಲ್ಲಿ ಕನ್ನಡದಲ್ಲಿ ಒಂದು ಬೋರ್ಡು ಬೀಳಲಿ. ಅಂಗಡಿಯವರು ಕೈ ತೋರಿಸಿ ದಾರಿ ಹೇಳಿಯಾರು.

ಮುಂದಿನ ಕೆಡಿಪಿ ಸಭೆಯಲ್ಲಿ ಶಾಸಕರು ರಸ್ತೆ, ಚರಂಡಿಯ ಜೊತೆಗೆ ಮೂರು ಅಂಕಿ ಕೇಳಲಿ: ಈ ವರ್ಷ ಹಳ್ಳಿಗಳಿಂದ ಚೀಟಿ ಕೊಟ್ಟು ಕಳಿಸಿದ ಮಕ್ಕಳೆಷ್ಟು, ಅವರಲ್ಲಿ ಕೇಂದ್ರಕ್ಕೆ ಬಂದವರೆಷ್ಟು, ಹತ್ತನೇ ಸಲವೂ ಬಂದವರೆಷ್ಟು.