ಜೋಳದ ದಂಟಿನ ತಟ್ಟೆ, ಚೀನಾದ ಕಡಬು

ಮಕ್ಕಳೇ, ಚೀನಾದವರ ಊಟ ಯಾವುದು ಎಂದು ಕೇಳಿದರೆ ನೀವು ಒಟ್ಟಿಗೇ ಕೂಗುವ ಉತ್ತರ ನನಗೆ ಗೊತ್ತು: ‘ಗೋಬಿ ಮಂಚೂರಿ!’ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆಗ ಬಸ್ ಸ್ಟ್ಯಾಂಡಿನ ಮುಂದೆ ಮಿರ್ಚಿ ಭಜಿ, ಸುಸಲಾ ಸಿಗುತ್ತಿತ್ತು. ಈಗ ಸಂಜೆಯಾದರೆ ಗೋಬಿ ಗಾಡಿಯ ಸುತ್ತ ಜನ.

ಆದರೆ ಮಂಚೂರಿ ಹುಟ್ಟಿದ್ದು ಚೀನಾದಲ್ಲಲ್ಲ, ಮುಂಬಯಿಯಲ್ಲಿ. ಕೋಲ್ಕತ್ತದಲ್ಲಿ ಹುಟ್ಟಿದ, ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ ಅವರು 1975ರ ಸುಮಾರಿಗೆ ಮೊದಲು ಅದನ್ನು ಕೋಳಿ ಮಾಂಸದಲ್ಲಿ ಮಾಡಿದರು ಎನ್ನುತ್ತಾರೆ. ಹೂಕೋಸು ಆಮೇಲೆ ಬಂತು. ಮಂಚೂರಿಯಾ ಎಂಬುದು ಚೀನಾದ ಈಶಾನ್ಯ ಭಾಗದ ಹಳೆಯ ಹೆಸರು. ಅಲ್ಲಿ ಹೋಗಿ ಗೋಬಿ ಮಂಚೂರಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಜೋಳ ಕೇಳಿ, ಹೊಲಕ್ಕೇ ಕರೆದೊಯ್ಯುತ್ತಾರೆ!

ಹೌದು, ನಮ್ಮ ರೊಟ್ಟಿಯ ಜೋಳವೇ. ಆಫ್ರಿಕಾದಲ್ಲಿ ಹುಟ್ಟಿದ ಈ ಬೆಳೆ ನಮ್ಮ ಕಡೆಗೂ ಬಂತು, ಚೀನಾಕ್ಕೂ ಹೋಯಿತು. ಅಲ್ಲಿ ಇದರ ಹೆಸರು ‘ಗಾವ್‌ಲ್ಯಾಂಗ್’, ಅಂದರೆ ಎತ್ತರದ ಧಾನ್ಯ. ಉತ್ತರ ಚೀನಾದ ಬಡ ರೈತರ ಹೊಟ್ಟೆಯನ್ನು ಬಹಳ ಕಾಲ ತುಂಬಿಸಿದ್ದು ಇದೇ. ಜೋಳದ ಕಾಳಷ್ಟೇ ಅಲ್ಲ, ದಂಟೂ ಅವರ ಅಡುಗೆಮನೆಗೆ ಬೇಕು. ದಂಟುಗಳನ್ನು ಸಾಲಾಗಿ ಜೋಡಿಸಿ, ಅದರ ಮೇಲೆ ಅಡ್ಡಲಾಗಿ ಇನ್ನೊಂದು ಸಾಲು ಇಟ್ಟು, ನೂಲಿನಿಂದ ಹೊಲಿದು, ದುಂಡಗೆ ಕತ್ತರಿಸಿದರೆ ಒಂದು ತಟ್ಟೆಯಾಗುತ್ತದೆ. ಹಬ್ಬದ ದಿನ ಹಸಿ ಕಡಬುಗಳನ್ನು ಅದರ ಮೇಲೆ ಸಾಲಾಗಿ ಜೋಡಿಸಿ, ಆಮೇಲೆ ಕುದಿಯುವ ನೀರಿಗೆ ಬಿಡುತ್ತಾರೆ. ದಂಟುಗಳ ಸಂದಿಯಲ್ಲಿ ಗಾಳಿ ಆಡುವುದರಿಂದ ಹಿಟ್ಟು ತಟ್ಟೆಗೆ ಅಂಟುವುದಿಲ್ಲ.

ಕಡಬು ಎಂದೆನಲ್ಲ, ಅವರು ಅದಕ್ಕೆ ‘ಜಿಯಾವ್ಜಿ’ ಎನ್ನುತ್ತಾರೆ. ಗೋಧಿ ಹಿಟ್ಟಿನ ಸಣ್ಣ ಹಾಳೆ ಲಟ್ಟಿಸಿ, ನಡುವೆ ಕೋಸು, ಮೊಟ್ಟೆ ಅಥವಾ ಮಾಂಸದ ಹೂರಣ ಇಟ್ಟು, ಅರ್ಧಚಂದ್ರದಂತೆ ಮಡಿಸಿ, ಅಂಚು ಒತ್ತಿ ಮುಚ್ಚುತ್ತಾರೆ. ನಿಮ್ಮ ಆಯಿ ಕಡಬಿನ ಅಂಚು ಮುರಿಯುವುದನ್ನು ನೋಡಿದ್ದೀರಲ್ಲ, ಕೈ ಓಡುವ ರೀತಿ ಅದೇ. ಚೀನಾದ ಹೊಸ ವರ್ಷ ನಮ್ಮ ಎಳ್ಳಮಾಸಿಯ ಮುಂದಿನ ಅಮಾವಾಸ್ಯೆಯ ಸುಮಾರಿಗೆ, ಕೆಲವು ವರ್ಷ ಅದರ ಮುಂದಿನ ಅಮಾವಾಸ್ಯೆಗೆ ಬರುತ್ತದೆ. ಅವರ ಪಂಚಾಂಗದಲ್ಲೂ ನಮ್ಮ ಹಾಗೆ ಅಧಿಕ ಮಾಸ ಉಂಟು. ಹಿಂದಿನ ರಾತ್ರಿ ದೂರದೂರಿಗೆ ದುಡಿಯಲು ಹೋದವರೆಲ್ಲ ಮನೆ ಸೇರುತ್ತಾರೆ. ಉತ್ತರ ಚೀನಾದಲ್ಲಿ ಮುದುಕರು, ಮಕ್ಕಳು ಒಟ್ಟಿಗೆ ಕೂತು ಕಡಬು ಮಡಿಸುತ್ತಾರೆ. ಒಂದು ಕಡಬಿನೊಳಗೆ ತೊಳೆದ ನಾಣ್ಯ ಅಡಗಿಸುವ ರೂಢಿಯೂ ಇದೆ. ಅದು ಯಾರ ಪಾಲಿಗೆ ಬರುತ್ತದೋ ಅವರಿಗೆ ಆ ವರ್ಷ ಅದೃಷ್ಟ.

ಈ ಹಬ್ಬದ ಊಟವನ್ನೇ 2019ರಲ್ಲಿ ಡೆನ್ಮಾರ್ಕಿನ ಲೆಗೊ ಕಂಪನಿ ಆಟಿಕೆ ಮಾಡಿ ಮಾರಿತು. ಆರು ನೂರಕ್ಕೂ ಹೆಚ್ಚು ಪ್ಲಾಸ್ಟಿಕ್ ತುಂಡುಗಳು. ಜೋಡಿಸಿದರೆ ಒಂದು ಮನೆ, ಊಟದ ಮೇಜು, ಸುತ್ತ ಕೂತ ಕುಟುಂಬ. ನೋಡಲು ಚೆಂದ, ಬೆಲೆ ದುಬಾರಿ. ನಮಗೆ ಆ ಖರ್ಚು ಬೇಡ. ಹಿಂಗಾರಿ ಜೋಳದ ಕಣಕಿ ಮನೆ ಮುಂದೆಯೇ ಬಿದ್ದಿರುತ್ತದೆ. ನಾವು ಚಿಕ್ಕವರಿದ್ದಾಗ ಅದರ ಬೆಂಡಿನಿಂದ ಬಂಡಿ, ಎತ್ತು, ಕನ್ನಡಕ ಎಲ್ಲ ಮಾಡುತ್ತಿದ್ದೆವು. ಈಗ ಅದೇ ಕಣಕಿಯಿಂದ ಚೀನಾದ ಊಟ ಮಾಡೋಣ.

ತಟ್ಟೆ: ತೆನೆಯ ಕೆಳಗಿನ ಸಪೂರ ದಂಟು ಆರಿಸಿ ಎಲೆ ಸುಲಿಯಿರಿ. ಒಂದೊಂದು ಗೇಣಿನ ತುಂಡು ಮಾಡಿ. ಕುಡಗೋಲು, ಚಾಕು ಮುತ್ಯಾನ ಕೈಯಲ್ಲೇ ಇರಲಿ. ದಂಟಿನ ಸಿಪ್ಪೆಯೂ ಬೆರಳು ಕೊಯ್ಯುತ್ತದೆ, ಹುಷಾರು. ಒಂದು ಗೇಣು ಅಗಲ ಬರುವಷ್ಟು ತುಂಡುಗಳನ್ನು ಒತ್ತಾಗಿ ಜೋಡಿಸಿ. ಮೇಲೆ ಅಡ್ಡಲಾಗಿ ಅಷ್ಟೇ ತುಂಡು ಇಡಿ. ದಬ್ಬಣದಲ್ಲಿ ದಪ್ಪ ನೂಲು ಹಾಕಿ ಎರಡೂ ಸಾಲು ಸೇರಿಸಿ ಆಯಿ ಹೊಲಿದುಕೊಡಲಿ. ಊಟದ ತಾಟು ಬೋರಲು ಹಾಕಿ ಗೆರೆ ಎಳೆದು, ಅಂಚು ಕತ್ತರಿಸಿದರೆ ತಟ್ಟೆ ಸಿದ್ಧ.

ಕಡಬು: ಹಳೆಯ ಬಿಳಿ ಧೋತರದಿಂದ ಅಂಗೈಯಗಲ ದುಂಡು ಬಟ್ಟೆ ಹನ್ನೆರಡು ಕತ್ತರಿಸಿ. ನಡುವೆ ಚೂರು ಹತ್ತಿ ಇಟ್ಟು, ಅರ್ಧಕ್ಕೆ ಮಡಿಸಿ, ಅಂಚಿಗೆ ನೆರಿಗೆ ಹಿಡಿದು ಹೊಲಿಯಿರಿ. ಒಂದರೊಳಗೆ ಮಾತ್ರ ಹುಣಸೆ ಬೀಜ ಅಡಗಿಸಿ. ಮಣ್ಣಿನಲ್ಲೂ ಮಾಡಬಹುದು, ಮಣ್ಣೆತ್ತು ಮಾಡಿ ಕೈ ಪಳಗಿರುತ್ತದೆ. ಆದರೆ ಕಡ್ಡಿಯಲ್ಲಿ ಎತ್ತುವಾಗ ಬಿದ್ದರೆ ಒಡೆಯುತ್ತವೆ.

ಕಡ್ಡಿ: ತಲೆಗೆ ಎರಡರಂತೆ ನೆಟ್ಟನೆಯ ದಂಟಿನ ಕಡ್ಡಿ, ತುದಿ ಚೂಪಾಗಿರಬಾರದು. ಒಂದು ನಿಯಮ: ಅನ್ನದ ಬಟ್ಟಲಲ್ಲಿ ಕಡ್ಡಿಯನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ತೀರಿಹೋದವರ ಮುಂದೆ ಹಚ್ಚಿಟ್ಟ ಊದಿನಕಡ್ಡಿಯ ಹಾಗೆ ಕಾಣುತ್ತದೆಂದು ಚೀನಾದವರು ಅದನ್ನು ಅಪಶಕುನ ಎನ್ನುತ್ತಾರೆ.

ಮೀನು: ಬೆಂಡಿನಲ್ಲಿ ಒಂದು ಮೀನು ಮಾಡಿ ನಡುವೆ ಇಡಿ. ಅವರ ಮಾತಿನಲ್ಲಿ ‘ಮೀನು’ ಮತ್ತು ‘ಉಳಿಕೆ’ ಎರಡಕ್ಕೂ ಉಚ್ಚಾರ ಒಂದೇ, ‘ಯು’. ಅದಕ್ಕೆ ಹಬ್ಬದ ಮೀನನ್ನು ಪೂರ್ತಿ ತಿನ್ನದೆ ಸ್ವಲ್ಪ ಬಿಡುವ ಪದ್ಧತಿ ಇದೆ, ವರ್ಷವೆಲ್ಲ ಮನೆಯಲ್ಲಿ ಉಳಿಕೆ ಇರಲಿ ಎಂದು. ಬ್ಯಾಂಕಿನವನಾದ ನನಗೆ ಈ ಪದ್ಧತಿ ಬಹಳ ಹಿಡಿಸಿದೆ.

ಆಟ ಸುಲಭ. ಎಲ್ಲರೂ ತಟ್ಟೆಯ ಸುತ್ತ ಕೂತು ಸರದಿಯಂತೆ ಕಡ್ಡಿಯಿಂದ ಒಂದೊಂದು ಕಡಬು ಎತ್ತುವುದು. ಬಿದ್ದರೆ ಸರದಿ ಹೋಯಿತು. ಹುಣಸೆ ಬೀಜದ ಕಡಬು ಸಿಕ್ಕವರು ಮನೆಯ ಹಿರಿಯರಿಗೆ ಏನು ಬೇಕಾದರೂ ಒಂದು ಪ್ರಶ್ನೆ ಕೇಳಬಹುದು. ಹಿರಿಯರು ನಿಜವನ್ನೇ ಹೇಳಬೇಕು. ನನ್ನ ಮೊಮ್ಮಗಳು ಕೇಳಿದ್ದು, ‘ಮುತ್ಯಾ, ನೀ ಸಾಲ್ಯಾಗ ಎಷ್ಟ್ ಸರ್ತಿ ಬಡ್ತಾ ತಿಂದಿ?’ ಉತ್ತರ ಇಲ್ಲಿ ಬರೆಯುವುದಿಲ್ಲ.

ಅಜ್ಜ ಅಜ್ಜಿಯರಿಗೂ ಒಂದು ಮಾತು. 2020ರ ಮಾರ್ಚ್ 10ರಂದು ಕೊರೊನಾದಿಂದ ದೇಶದ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ. ಆಮೇಲೆ ಬೇರೆ ಊರುಗಳಲ್ಲಿ ‘ನಾವು ಕಲಬುರಗಿಯವರು’ ಎಂದರೆ ಎದುರಿನವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದೇ ದಿನಗಳಲ್ಲಿ ಮೊಬೈಲಿನಲ್ಲಿ ಚೀನಾದವರ ಊಟವನ್ನು ಹೀಯಾಳಿಸುವ ಚಿತ್ರಗಳು ಓಡಾಡಿದವು, ಮಕ್ಕಳೂ ನೋಡಿ ನಕ್ಕರು. ನಮ್ಮದೇ ದೇಶದ ಮಣಿಪುರ, ನಾಗಾಲ್ಯಾಂಡಿನ ಹುಡುಗ ಹುಡುಗಿಯರನ್ನು ದೊಡ್ಡ ಊರುಗಳಲ್ಲಿ ಮುಖ ನೋಡಿಯೇ ‘ಕೊರೊನಾ’ ಎಂದು ಕೂಗಿದರು. ಊರಿನ ಹೆಸರಿಗೆ ದೂರ ಸರಿಸಿದರೆ ಹೇಗಿರುತ್ತದೆ ಎಂದು ಗೊತ್ತಿರುವ ನಾವಾದರೂ ಊಟ ನೋಡಿ ನಗುವುದನ್ನು ಮಕ್ಕಳಿಗೆ ಕಲಿಸಬಾರದು. ಎರಡು ದೇಶಗಳ ನಡುವೆ ಜಗಳವಿರಬಹುದು. ಅದಕ್ಕೆ ದಿಲ್ಲಿ, ಬೀಜಿಂಗಿನಲ್ಲಿ ಕೂತವರು ಇದ್ದಾರೆ. ಕಡಬು ಮಡಿಸುವ ಆಯಿಯ ಮೇಲೆ ಯಾರ ಜಗಳವೂ ಇಲ್ಲ.

ಕೊನೆಗೆ ಖರ್ಚಿನ ಲೆಕ್ಕ: ಕಣಕಿ, ಧೋತರ, ಹತ್ತಿ, ಹುಣಸೆ ಬೀಜಕ್ಕೆ ಸೊನ್ನೆ; ದಪ್ಪ ನೂಲಿನ ಉಂಡೆಗೆ ಒಂದಿಷ್ಟು ಚಿಲ್ಲರೆ. ಸುಗ್ಗಿ ಮುಗಿದು ಬಣವಿ ಒಟ್ಟುವ ಮೊದಲೇ ಒಂದು ಸಿವುಡು ದಂಟು ಎತ್ತಿಟ್ಟುಕೊಳ್ಳಿ. ದನಕ್ಕೆ ಹೇಳಬೇಡಿ!